ಚೀಟಿ ಇಲ್ಲದ ಬಾಟಲಿಗಳು

ಹೊಸ ಶಾಲೆಗೆ ಬಂದ ವಿಜ್ಞಾನ ಮೇಷ್ಟ್ರ ಮೊದಲ ಕೆಲಸ ಪಾಠವಲ್ಲ. ಪ್ರಯೋಗಾಲಯದ ಚಾರ್ಜ್ ತೆಗೆದುಕೊಳ್ಳುವುದು. ದಾಸ್ತಾನು ಪುಸ್ತಕದಲ್ಲಿ ಬರೆದದ್ದೆಲ್ಲ ಬೀರುವಿನಲ್ಲಿದೆ ಎಂದು ಸಹಿ ಹಾಕಿದರೆ, ಅಂದಿನಿಂದ ಒಡೆದ ಬೀಕರಿಗೂ ಕಳೆದ ಲೆನ್ಸಿಗೂ ಅವರೇ ಹೊಣೆ. ದಾವಣಗೆರೆಯಿಂದ ಹರಿಹರದ ಕಡೆಯ ಒಂದು ಪ್ರೌಢಶಾಲೆಗೆ ನಾನು ಬಸ್ಸಿನಲ್ಲಿ ಓಡಾಡತೊಡಗಿದಾಗ ಆ ಸಹಿಗೆ ಮೂರು ವಾರ ಹಿಡಿಯಿತು. ಹೆಡ್‌ಮಾಸ್ತರರಿಗೆ ಸ್ವಲ್ಪ ಬೇಸರವೇ ಆಯಿತು.

ನನಗಿಂತ ಮೊದಲು ಇದ್ದು ನಿವೃತ್ತರಾದವರು ಒಳ್ಳೆಯ ಮೇಷ್ಟ್ರು. ಅವರ ಪಾಠವನ್ನು ಮಕ್ಕಳು ಮರೆತಿರಲಿಲ್ಲ. ಆದರೆ ಬೀರು ತೆರೆದರೆ 23 ಬಾಟಲಿಗಳಲ್ಲಿ ಚೀಟಿ ಇದ್ದದ್ದು ಒಂಬತ್ತಕ್ಕೆ. ಅದರಲ್ಲೂ ಒಂದು ಕೆಮ್ಮಿನ ಸಿರಪ್ಪಿನದು! ಫೋನ್ ಮಾಡಿದೆ. “ಅದಾ ಸಾರ್? ಕೆಳಗಿನ ಖಾನೇಲಿ ಎಡಗಡೆಯಿಂದ ಮೂರನೇದು ಹೈಡ್ರೋಕ್ಲೋರಿಕ್, ಪಕ್ಕದ್ದು ಸಲ್ಫ್ಯೂರಿಕ್. ನನಗೆ ಗೊತ್ತಿತ್ತಲ್ಲ, ಅದಕ್ಕೇ ಚೀಟಿ ಅಂಟಿಸಲಿಲ್ಲ” ಎಂದರು. ಅವರ ಜ್ಞಾಪಕಶಕ್ತಿಯಲ್ಲಿ ದೋಷವಿರಲಿಲ್ಲ. ಅವರು ಹೋದ ಮೇಲೆ ಸುಣ್ಣ ಹೊಡೆಸುವಾಗ ಬಾಟಲಿಗಳನ್ನೆಲ್ಲ ಇಳಿಸಿ ಮತ್ತೆ ಏರಿಸಿದ್ದರು, ಅಷ್ಟೆ.

ವಿದ್ಯಾರ್ಥಿಗಳೇ, ಇಂಥ ಕಡೆ ಮೂಸಿ ನೋಡುವುದು, ನಾಲಿಗೆಗೆ ತಾಗಿಸುವುದು ದಾರಿಯಲ್ಲ. ಸಾಂದ್ರ ಸಲ್ಫ್ಯೂರಿಕ್ ಆಮ್ಲ ನೀರಿಗಿಂತ 1.84 ಪಟ್ಟು ಭಾರ, ಹೈಡ್ರೋಕ್ಲೋರಿಕ್ ಸುಮಾರು 1.18 ಪಟ್ಟು. ಒಂದೇ ಅಳತೆಯ, ಒಂದೇ ಮಟ್ಟಕ್ಕೆ ತುಂಬಿದ ಎರಡು ಬಾಟಲಿಗಳನ್ನು ತಕ್ಕಡಿಗಿಟ್ಟರೆ ಅರ್ಧ ಉತ್ತರ ಸಿಕ್ಕಿತು. ಅಮೋನಿಯಾದಲ್ಲಿ ಅದ್ದಿದ ಗಾಜಿನ ಕಡ್ಡಿಯನ್ನು ಹಗುರ ಬಾಟಲಿಯ ಬಾಯಿಯ ಬಳಿ ಹಿಡಿದಾಗ ದಟ್ಟ ಬಿಳಿ ಹೊಗೆ ಎದ್ದಿತು: ಅಮೋನಿಯಂ ಕ್ಲೋರೈಡ್. ಭಾರದ್ದರ ಒಂದು ಹನಿಯನ್ನು ನೀರಿಗೆ ಬಿಟ್ಟು, ಬೇರಿಯಂ ಕ್ಲೋರೈಡ್ ಸೇರಿಸಿದಾಗ ಬಿಳಿಯ ಗಷ್ಟು ಬಂತು. ಇನ್ನೊಂದು ಬಾಟಲಿಯ ಗಾಜಿನ ಬಿರಡೆ ಏನು ಮಾಡಿದರೂ ಅಲುಗಲಿಲ್ಲ. ಅದೇ ಅದರ ಚೀಟಿ ಎನ್ನಿ! ಸೋಡಿಯಂ ಹೈಡ್ರಾಕ್ಸೈಡ್ ಗಾಜನ್ನೇ ನಿಧಾನವಾಗಿ ತಿಂದು ಬಿರಡೆಯನ್ನು ಬೆಸೆದುಬಿಡುತ್ತದೆ. ಅದಕ್ಕೇ ರಬ್ಬರ್ ಬಿರಡೆ ಹಾಕಬೇಕೆನ್ನುವುದು.

ಎದೆ ಝಲ್ಲೆಂದದ್ದು ಮೂಲೆಯ ಸಣ್ಣ ಡಬ್ಬಿ ನೋಡಿ. ಸೀಮೆಎಣ್ಣೆ ಬಹುಪಾಲು ಆರಿ, ಅಡಿಕೆ ಗಾತ್ರದ ಸೋಡಿಯಂ ಗಡ್ಡೆ ಬೂದಿ ಬಣ್ಣದ ಪೊರೆ ಕಟ್ಟಿ ಕುಳಿತಿತ್ತು. ಜವಾನ “ಚರಂಡಿಗೆ ಸುರಿದುಬಿಡ್ಲಾ ಸಾರ್?” ಎಂದ. ನೀರು ತಾಗಿದರೆ ಹೈಡ್ರೋಜನ್ ಹುಟ್ಟಿ, ಹೊತ್ತಿಕೊಂಡು ಸಿಡಿಯುವ ವಸ್ತು ಅದು! ಉಳಿದ ಹಳೆಯ ದ್ರಾವಣಗಳನ್ನೂ ಚರಂಡಿಗೆ ಬಿಡಲು ನನಗೆ ಮನಸ್ಸಾಗಲಿಲ್ಲ. ಇಲ್ಲಿಗೆ ಹತ್ತಿರದ ರಾಜನಹಳ್ಳಿಯಿಂದಲೇ ತುಂಗಭದ್ರೆಯ ನೀರು ದಾವಣಗೆರೆಯ ನಲ್ಲಿಗಳಿಗೆ ಹೋಗುವುದು. ಸೋಡಿಯಂ ಮುಳುಗುವಷ್ಟು ಸೀಮೆಎಣ್ಣೆ ಹಾಕಿ, ಬೇಡವಾದುದನ್ನೆಲ್ಲ ಪಟ್ಟಿ ಮಾಡಿ, ಕಾಲೇಜೊಂದರ ರಸಾಯನಶಾಸ್ತ್ರ ವಿಭಾಗಕ್ಕೆ ಒಪ್ಪಿಸಿದೆವು. ಪಾಲಕರು ನಗಬೇಡಿ, ಕಕ್ಕಸು ತೊಳೆಯುವ ಆಸಿಡ್ಡನ್ನು ಜ್ಯೂಸ್ ಬಾಟಲಿಯಲ್ಲಿ ತುಂಬಿಡುವ ಮನೆಗಳು ನಮ್ಮಲ್ಲಿ ಕಡಿಮೆಯೇನಿಲ್ಲ.

ಉಳಿದದ್ದು ಕಾಗದದ ರಾಶಿ. ಮಂಡಕ್ಕಿ ಅಂಗಡಿಗೆ ಹಾಕಿದರೆ ತಿಂಗಳುಗಟ್ಟಲೆ ಪೊಟ್ಟಣ ಕಟ್ಟಬಹುದಿತ್ತು. ಆದರೆ ಇಂಥ ರಾಶಿಗಳ ವಿಷಯದಲ್ಲಿ ನನಗೆ ಸ್ವಲ್ಪ ಭಯ. ಇಂಗ್ಲೆಂಡಿನ ಗಣಿತಜ್ಞ ಜಿ.ಎನ್. ವಾಟ್ಸನ್ 1965ರಲ್ಲಿ ತೀರಿಕೊಂಡಾಗ ಅವರ ಕೋಣೆಯ ನೆಲದ ತುಂಬ ಅಡಿಯಷ್ಟು ಎತ್ತರ ಕಾಗದ ಬಿದ್ದಿತ್ತು. ಕೆಲವೇ ದಿನಗಳಲ್ಲಿ ಎಲ್ಲವನ್ನೂ ಸುಡುವುದಿತ್ತು. ನೋಡಲು ಹೋದ ವಿಟ್ಟಾಕರ್ ಎಂಬ ಗಣಿತಜ್ಞರ ಕೈಗೆ ಅದರಲ್ಲಿ ಶ್ರೀನಿವಾಸ ರಾಮಾನುಜನ್ನರ ಹಸ್ತಪ್ರತಿ ಸಿಕ್ಕಿತು. 1968ರಲ್ಲಿ ಅದು ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜಿಗೆ ಹೋಯಿತು. 1976ರಲ್ಲಿ ಜಾರ್ಜ್ ಆಂಡ್ರ್ಯೂಸ್ ಕಣ್ಣಿಗೆ ಬೀಳುವವರೆಗೂ ಅದರ ಬೆಲೆ ಜಗತ್ತಿಗೆ ತಿಳಿಯಲಿಲ್ಲ.

ನಮ್ಮ ರಾಶಿಯಲ್ಲಿ ರಾಮಾನುಜನ್ ಇರಲಿಲ್ಲ, ಬಿಡಿ. ಆದರೆ ಪುಸ್ತಕದಲ್ಲಿದ್ದ ಒಂದು ಮೈಕ್ರೋಸ್ಕೋಪ್ ಬೀರುವಿನಲ್ಲಿರಲಿಲ್ಲ. ಸಿಗದಿದ್ದರೆ ಅದರ ಬೆಲೆ ನಿವೃತ್ತ ಮೇಷ್ಟ್ರ ತಲೆಗೇ ಬರುತ್ತಿತ್ತು. ಅವರ ಬಾಕಿ ಇಲ್ಲದ ಪ್ರಮಾಣಪತ್ರವೂ ಅದಕ್ಕೇ ತಡೆದಿತ್ತು. ಒಂಬತ್ತನೇ ತರಗತಿಯ ಹಳೆಯ ಉತ್ತರ ಪತ್ರಿಕೆಗಳ ನಡುವೆ ಒಂದು ರಸೀದಿ ಸಿಕ್ಕಿತು. ವಸ್ತುಪ್ರದರ್ಶನಕ್ಕೆಂದು ಪಕ್ಕದ ಶಾಲೆಯವರು ಸಹಿ ಹಾಕಿ ಒಯ್ದಿದ್ದರು. ಅವರು ಅದನ್ನು ಮರದ ಪೆಟ್ಟಿಗೆಯ ಸಮೇತ ಜೋಪಾನವಾಗಿಟ್ಟಿದ್ದರು, ವಾಪಸ್ಸು ಕೊಟ್ಟರು. ಆ ಪೆಟ್ಟಿಗೆಯ ಕೀಲಿ ಮಾತ್ರ ಇನ್ನೂ ಸಿಕ್ಕಿಲ್ಲ.