ಮಳೆಗಾಲಕ್ಕೆ ಉಬ್ಬುವ ಬಾಗಿಲು: ಮನೆಯಲ್ಲೇ ದುರಸ್ತಿ

ಮರ ಕಡಿದು ಎಷ್ಟು ವರ್ಷವಾದರೂ ಗಾಳಿಯ ತೇವವನ್ನು ಹೀರುವುದನ್ನೂ ಬಿಡುವುದನ್ನೂ ನಿಲ್ಲಿಸುವುದಿಲ್ಲ. ಗಾಳಿಯ ಆರ್ದ್ರತೆ ಶೇ 50ರ ಆಸುಪಾಸಿನಲ್ಲಿದ್ದಾಗ ಮರದೊಳಗಿನ ನೀರಿನಂಶ ಸುಮಾರು ಶೇ 9 ಇರುತ್ತದೆ. ಆರ್ದ್ರತೆ ಶೇ 90ರಲ್ಲೇ ಬಹುಕಾಲ ನಿಂತರೆ ಅದು ಶೇ 20ರವರೆಗೆ ಏರಬಲ್ಲದು. ಮಲೆನಾಡು, ಕರಾವಳಿಗಳ ಮನೆಗಳಲ್ಲಿ ಬೇಸಿಗೆಯಲ್ಲಿ ಹಗುರಾಗಿ ತಿರುಗುತ್ತಿದ್ದ ಬಾಗಿಲು ಆಷಾಢದ ಹೊತ್ತಿಗೆ ಭುಜ ಕೊಟ್ಟು ದೂಡಿದರೂ ಕದಲದಿರುವುದು ಇದರಿಂದಲೇ.

ಮರ ಎಲ್ಲ ದಿಕ್ಕಿಗೂ ಒಂದೇ ಸಮನೆ ಉಬ್ಬುವುದಿಲ್ಲ. ನಾರಿನ ಉದ್ದಕ್ಕೆ ಆಗುವ ಹಿಗ್ಗುವಿಕೆ ಲೆಕ್ಕಕ್ಕೇ ಬಾರದಷ್ಟು. ಅಡ್ಡಕ್ಕೆ ಮಾತ್ರ ಅದು ಎದ್ದು ಕಾಣುತ್ತದೆ. ಹಳೆಯ ಬಡಗಿಗಳು ಇದನ್ನು ಚೆನ್ನಾಗಿ ಅರಿತಿದ್ದರು. ಎರಡು ನಿಲುವುಪಟ್ಟಿ, ಮೂರು ನಾಲ್ಕು ಅಡ್ಡಪಟ್ಟಿ, ನಡುವೆ ತೆಳು ಹಲಗೆಗಳು ಎಂಬ ಬಾಗಿಲಿನ ರಚನೆಯ ಹಿಂದೆ ಇರುವುದು ಈ ತಿಳಿವಳಿಕೆಯೇ. ಅಡ್ಡಪಟ್ಟಿಯ ನಾರು ಬಾಗಿಲಿನ ಅಗಲದ ದಿಕ್ಕಿನಲ್ಲೇ ಇರುವುದರಿಂದ ಅದು ಹಿಗ್ಗುವುದಿಲ್ಲ. ಹಲಗೆಗಳನ್ನು ಪಟ್ಟಿಯ ತೋಡಿನಲ್ಲಿ ಅಂಟು ಹಾಕದೆ ಸಡಿಲವಾಗಿ ಕೂರಿಸಿರುವುದರಿಂದ ಅವು ಉಬ್ಬಿದರೂ ತೋಡಿನೊಳಗೇ ಜಾಗ ಸಿಗುತ್ತದೆ. ಅಗಲದಲ್ಲಿ ಬೆಳೆಯುವುದು ಎರಡು ನಿಲುವುಪಟ್ಟಿಗಳು ಮಾತ್ರ. ಹತ್ತತ್ತು ಸೆಂಟಿಮೀಟರಿನ ಪಟ್ಟಿಗಳಾದರೆ ಒಟ್ಟು ಎರಡು ಮೂರು ಮಿಲಿಮೀಟರ್. ಇಷ್ಟು ಜಾಣತನದಿಂದ ಕಟ್ಟಿದ ಬಾಗಿಲಿನ ಹಲಗೆ ಅಲುಗಾಡುತ್ತದೆಂದು ಅದಕ್ಕೆ ಮೊಳೆ ಹೊಡೆಯುವುದು ದೊಡ್ಡ ತಪ್ಪು. ಹಾಗೆ ಬಿಗಿದ ಹಲಗೆ ಮುಂದಿನ ಬೇಸಿಗೆಯಲ್ಲಿ ಕುಗ್ಗಲು ದಾರಿಯಿಲ್ಲದೆ ಸೀಳುತ್ತದೆ.

ಉಜ್ಜುಗೊರಡು ಹಿಡಿಯುವ ಮೊದಲು ಬಾಗಿಲು ಎಲ್ಲಿ ತಾಗುತ್ತಿದೆ ಎಂಬುದನ್ನು ಗೊತ್ತುಮಾಡಿಕೊಳ್ಳಬೇಕು. ಚೌಕಟ್ಟಿನ ಒಳಮೈಗೆ ಸೀಮೆಸುಣ್ಣ ಬಳಿದು ಬಾಗಿಲನ್ನು ಒಮ್ಮೆ ಹಾಕಿ ತೆಗೆದರೆ ತಾಗುವ ಜಾಗದಲ್ಲಿ ಬಿಳಿ ಗುರುತು ಮೂಡುತ್ತದೆ. ಚಿಲಕದ ಬದಿಯ ಉದ್ದಕ್ಕೂ ಗುರುತು ಬಿದ್ದರೆ ಮರ ಉಬ್ಬಿದೆ. ಚಿಲಕದ ಬದಿಯ ಮೇಲ್ಮೂಲೆಯಲ್ಲಿ ಮಾತ್ರ ಗುರುತಿದ್ದು, ಅದೇ ಬದಿಯ ಕೆಳಮೂಲೆ ಹೊಸ್ತಿಲಿಗೆ ಉಜ್ಜುತ್ತಿದ್ದರೆ ಬಾಗಿಲು ಜೋತುಬಿದ್ದಿದೆ. ಅಲ್ಲಿ ಮರದ ತಪ್ಪಿಲ್ಲ, ಮೇಲಿನ ಹಿಂಜ್ ಸಡಿಲವಾಗಿದೆ.

ಸ್ಕ್ರೂ ಬಿಗಿ ಮಾಡಿದರೆ ಅನೇಕ ಬಾಗಿಲುಗಳು ಅಲ್ಲಿಗೇ ಸರಿಹೋಗುತ್ತವೆ. ತೂತು ದೊಡ್ಡದಾಗಿ ಸ್ಕ್ರೂ ಸುಮ್ಮನೆ ತಿರುಗುತ್ತಿದ್ದರೆ ಬಾಗಿಲಿನ ಕೆಳಗೆ ಬೆಣೆ ಕೊಟ್ಟು ಭಾರ ಇಳಿಸಿ, ಸ್ಕ್ರೂ ತೆಗೆದು, ಮರಗೆಲಸದ ಅಂಟಿನಲ್ಲಿ ಅದ್ದಿದ ಬಿದಿರಿನ ಸೀಳನ್ನೋ ಮದ್ದು ಮುರಿದ ಬೆಂಕಿಕಡ್ಡಿಗಳನ್ನೋ ತೂತಿಗೆ ಒತ್ತಿ ತುಂಬಬೇಕು. ಒಂದು ದಿನ ಒಣಗಿದ ಮೇಲೆ ಹೊರಗೆ ಚಾಚಿದ್ದನ್ನು ಕತ್ತರಿಸಿ, ಸಣ್ಣ ತೂತು ಕೊರೆದು ಸ್ಕ್ರೂ ಹಾಕಿದರೆ ಗಟ್ಟಿಯಾಗಿ ಕಚ್ಚುತ್ತದೆ. ಆಮೇಲೂ ಮೇಲ್ಮೂಲೆ ಕೂದಲೆಳೆಯಷ್ಟು ತಾಗಿದರೆ ಕೆಳಗಿನ ಹಿಂಜ್‌ನ ಹಿಂದೆ ಹಿಂಜ್‌ನ ಅಳತೆಗೇ ಕತ್ತರಿಸಿದ ರಟ್ಟಿನ ತುಂಡು ಇಡಬಹುದು. ಬಾಗಿಲಿನ ಮೂತಿ ತುಸು ಮೇಲೇಳುತ್ತದೆ.

ನಿಜಕ್ಕೂ ಉಬ್ಬಿದ ಬಾಗಿಲಿನ ಮಾತು ಬೇರೆ. ಅಲ್ಪಸ್ವಲ್ಪ ತಾಗುತ್ತಿದ್ದರೆ ಅಂಚಿಗೆ ಮೇಣದಬತ್ತಿ ತಿಕ್ಕಿ ಮಳೆಗಾಲ ಕಳೆಯುವುದು ಒಳ್ಳೆಯದು. ಜುಲೈಯಲ್ಲಿ ಧಾರಾಳವಾಗಿ ಹೆರೆದ ಬಾಗಿಲು ಮಾರ್ಚ್‌ನಲ್ಲಿ ಕುಗ್ಗಿದಾಗ ಚೌಕಟ್ಟಿನ ಪಕ್ಕದಲ್ಲಿ ಹಲ್ಲಿ ನುಸುಳುವಷ್ಟು ಸಂದು ಬಿಡುತ್ತದೆ. ಬಾಗಿಲು ಹಾಕಲೇ ಆಗದ ಸ್ಥಿತಿಯಿದ್ದರೆ ಮಾತ್ರ, ಗುರುತು ಬಿದ್ದಷ್ಟು ಜಾಗವನ್ನು ಉಜ್ಜುಗೊರಡಿನಿಂದ ತೆಳುವಾಗಿ ಹೆರೆಯಬೇಕು. ಅಲಗು ಹರಿತವಿರಬೇಕು, ಕೆಲಸ ನಾರಿನ ಜಾಡಿನಲ್ಲೇ ಸಾಗಬೇಕು. ತಲೆ ಅಥವಾ ಬುಡ ಹೆರೆಯುವಾಗ ಮೂಲೆಯಿಂದ ನಡುವಿಗೆ ಬರಬೇಕು. ಹೊರಕ್ಕೆ ತಳ್ಳಿದರೆ ನಿಲುವುಪಟ್ಟಿಯ ಕೊನೆ ಚಕ್ಕೆಯೇಳುತ್ತದೆ. ಆಗಾಗ ಬಾಗಿಲು ಹಾಕಿ ನೋಡುತ್ತ, ಒಂದೂವರೆ ಎರಡು ಮಿಲಿಮೀಟರ್ ಸಂದು ಬಿಟ್ಟೊಡನೆ ನಿಲ್ಲಿಸಬೇಕು.

ಹೆರೆದ ಅಂಚನ್ನು ಹಸಿಯಾಗಿ ಬಿಟ್ಟರೆ ಕೆಲಸವೆಲ್ಲ ವ್ಯರ್ಥ. ಬಣ್ಣ ಕಳೆದುಕೊಂಡ ಮರ ಮೊದಲಿಗಿಂತ ಬೇಗ ನೀರು ಹೀರುತ್ತದೆ. ಮಳೆ ಬಿಡುವು ಕೊಟ್ಟು ಮರ ಒಣಗಿದ ದಿನ ಮರಳುಕಾಗದ ಹಾಕಿ, ಪ್ರೈಮರ್ ಹಾಗೂ ಎರಡು ಕೈ ಬಣ್ಣ ಅಥವಾ ವಾರ್ನಿಷ್ ಬಳಿಯಬೇಕು. ಕಣ್ಣಿಗೆ ಬೀಳದ ತಲೆ ಮತ್ತು ಬುಡದ ಅಂಚುಗಳಿಗೆ ಬಣ್ಣ ಹಚ್ಚದೆ ಬಿಡುವುದು ಸಾಮಾನ್ಯ. ನಿಲುವುಪಟ್ಟಿಗಳ ನಾರಿನ ತುದಿ ತೆರೆದಿರುವುದು ಅಲ್ಲೇ ಆದ್ದರಿಂದ ತೇವ ಅತಿ ವೇಗವಾಗಿ ಒಳಸೇರುವುದೂ ಅಲ್ಲಿಂದಲೇ. ಬಾಗಿಲನ್ನು ಬಿಚ್ಚಿ ಮಲಗಿಸಿದಾಗ ಈ ಎರಡು ಅಂಚುಗಳನ್ನು ಮರೆಯಲೇಬಾರದು.

ಬಚ್ಚಲಮನೆಯ ಬಾಗಿಲಿನ ಬುಡ ಕೊಳೆತಿದ್ದರೆ ಮೆತ್ತಗಾದ ಭಾಗವನ್ನು ಗಟ್ಟಿ ಮರ ಸಿಗುವವರೆಗೆ ಉಳಿಯಿಂದ ಕೆತ್ತಿ ತೆಗೆದು, ಒಣಗಿಸಿ, ಅದೇ ಜಾತಿಯ ಮರದ ತುಂಡನ್ನು ನೀರು ತಡೆಯುವ ಅಂಟಿನಿಂದ ಕೂಡಿಸಬಹುದು. ಪ್ಲೈವುಡ್ ಹೊದಿಕೆಯ ಫ್ಲಶ್ ಬಾಗಿಲಿನ ಪದರ ಬಿಟ್ಟುಕೊಂಡಿದ್ದರೆ ಅದು ಪೂರ್ತಿ ಒಣಗಿದ ಮೇಲೆ ಅಂಟು ಹೊಯ್ದು, ಎರಡೂ ಬದಿಗೆ ಹಲಗೆ ಕೊಟ್ಟು ಕ್ಲಾಂಪ್ ಹಾಕಿ ಒಂದು ದಿನ ಬಿಡಬೇಕು. ಇಡೀ ಬುಡ ಅರಳಿಹೋಗಿದ್ದರೆ ಹೊಸ ಬಾಗಿಲೇ ಗತಿ. ಚೌಕಟ್ಟಿನ ಮೂಲೆಯಿಂದ ಗೋಡೆಗೆ ಓರೆಯಾಗಿ ಬಿರುಕು ಹೋಗಿದ್ದರೆ ಬಾಗಿಲನ್ನು ಮುಟ್ಟುವ ಮೊದಲು ಗೋಡೆಯನ್ನು ಮೇಸ್ತ್ರಿಗೆ ತೋರಿಸಬೇಕು. ತಟ್ಟಿದಾಗ ಚೌಕಟ್ಟು ಟೊಳ್ಳು ಸದ್ದು ಮಾಡಿದರೆ, ಮೇಲೆ ಮಣ್ಣಿನ ಗೆರೆ ಹರಿದಿದ್ದರೆ ಅದು ಗೆದ್ದಲು. ನೆಲ, ಗೋಡೆಗಳಿಗೆ ಔಷಧಿ ಹಾಕಿಸದೆ ಮರವನ್ನಷ್ಟೇ ಬದಲಿಸಿದರೆ ಹೊಸದಕ್ಕೂ ಅದು ಹತ್ತುತ್ತದೆ.