ಬಾಟಲಿಯ ಮೇಲೆ ಊರಿನ ಹೆಸರಿರಲಿ

ಮೈಸೂರು ರಸ್ತೆ ಹಿಡಿದವರಿಗೆ ರಾಮನಗರವೆಂದರೆ ರೇಷ್ಮೆಗೂಡು, ಚನ್ನಪಟ್ಟಣವೆಂದರೆ ಬಣ್ಣದ ಬೊಂಬೆ. ಅದೇ ಚನ್ನಪಟ್ಟಣದ ಸಮೀಪ ವೈನರಿಯೊಂದೂ ಇದೆ ಎಂಬುದು ಹಲವರಿಗೆ ತಿಳಿಯದು. ಮೊದಲು ಹೆರಿಟೇಜ್ ವೈನರಿ ಎನಿಸಿಕೊಂಡಿದ್ದ ಅದು ಈಗ ಡೊಮೇನ್ ಸುಲಾ. ಒಳಹೊಕ್ಕರೆ ವೈನ್ ತಯಾರಾಗುವ ಬಗೆ ಕಾಣಬಹುದು, ರುಚಿಯನ್ನೂ ನೋಡಬಹುದು. ಕರ್ನಾಟಕದ ದ್ರಾಕ್ಷಿಯಿಂದ ಸುಲಾ ಕಂಪನಿ ತಯಾರಿಸುವ ವೈನಿಗೆ 'ಕಾಡು' ಎಂಬ ಕನ್ನಡದ ಹೆಸರೇ ಇದೆ. ಆದರೆ ಊರಿನ ಹೆಸರಿನಿಂದಲೇ ವೈನ್ ಮಾರಾಟವಾಗುವ ಮಟ್ಟಕ್ಕೆ ನಾವಿನ್ನೂ ಬಂದಿಲ್ಲ.

ಅದು ಹೇಗೆ ಸಾಧ್ಯ ಎಂಬುದಕ್ಕೆ ಸ್ಪೇನಿನ ರಿಯೋಹಾ ಉತ್ತರ. ಎಬ್ರೊ ನದಿಯ ದಂಡೆಯ ಈ ಸೀಮೆಯ ಮುಖ್ಯ ಕೆಂಪು ದ್ರಾಕ್ಷಿ ಟೆಂಪ್ರಾನಿಯೊ. 19ನೇ ಶತಮಾನದಲ್ಲಿ ಫಿಲಾಕ್ಸೆರಾ ಕೀಟ ಫ್ರಾನ್ಸಿನ ತೋಟಗಳನ್ನು ತಿಂದುಹಾಕಿದಾಗ ಬೋರ್ಡೊದ ವ್ಯಾಪಾರಿಗಳು ವೈನ್ ಹುಡುಕಿ ಇಲ್ಲಿಗೆ ಬಂದರು. ಓಕ್ ಪೀಪಾಯಿಯಲ್ಲಿ ವೈನ್ ಮಾಗಿಸುವ ಪದ್ಧತಿ ಇಲ್ಲಿ ಬಲವಾಗಿ ಬೇರೂರಿತು. 1925ರಲ್ಲಿ ಹೆಸರು ಕಾಯುವ ನಿಯಂತ್ರಣ ವ್ಯವಸ್ಥೆ ಆರಂಭವಾಯಿತು. 1991ರಲ್ಲಿ ಸ್ಪೇನಿನ ಅತ್ಯುನ್ನತ ದರ್ಜೆ ಮೊದಲು ದೊರೆತದ್ದು ರಿಯೋಹಾಗೆ. ಕೆಂಪು ವೈನ್ 'ಕ್ರಿಯಾನ್ಸಾ' ಎನಿಸಿಕೊಳ್ಳಲು ಎರಡು ವರ್ಷ, 'ರೆಸೆರ್ವಾ' ಆಗಲು ಮೂರು, 'ಗ್ರಾನ್ ರೆಸೆರ್ವಾ' ಆಗಲು ಐದು ವರ್ಷ ಮಾಗಬೇಕು. ಹೊರಗಿನ ದ್ರಾಕ್ಷಿ ತಂದು ರಿಯೋಹಾ ಎಂದು ಮಾರುವಂತಿಲ್ಲ.

ನಮ್ಮ ಬಳಿ ಬಂಡವಾಳ ಕಡಿಮೆಯೇನಿಲ್ಲ. ಉದ್ಯಮಿ ಕನ್ವಲ್ ಗ್ರೋವರ್ ನಂದಿ ಬೆಟ್ಟದ ತಪ್ಪಲಲ್ಲಿ ಫ್ರೆಂಚ್ ತಳಿಗಳನ್ನು ಬೆಳೆಸಿ ತೋರಿಸಿದರು. 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಾರಸ ನೀತಿ ತಂದಿತು. ಬೆಂಗಳೂರು ನೀಲಿ ದ್ರಾಕ್ಷಿಗೆ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಇದೆ. ಆದರೆ ನಮ್ಮ ಬೆಳೆಗಾರರ ಪಾಡೇ ಬೇರೆ. ರಿಯೋಹಾದ ಬಳ್ಳಿ ಚಳಿಗಾಲವಿಡೀ ಮಲಗುತ್ತದೆ. ಇಲ್ಲಿನ ಬಿಸಿಲಲ್ಲಿ ಬಳ್ಳಿಗೆ ನಿದ್ದೆಯೇ ಇಲ್ಲ. ವರ್ಷಕ್ಕೆರಡು ಸಲ ಕವಲು ಸವರಿ, ಮಳೆಗಾಲ ದಾಟಿಸಿ, ಬೇಸಿಗೆಯ ಹೊಸ್ತಿಲಲ್ಲಿ ಗೊಂಚಲು ಕೊಯ್ಯಬೇಕು. ಇಷ್ಟು ದುಡಿದ ರೈತನ ತೋಟ ಯಾವ ಊರಲ್ಲಿದೆ ಎಂಬುದು ಕುಡಿಯುವವನಿಗೆ ಗೊತ್ತಾಗದಿದ್ದರೆ, ಒಳ್ಳೆಯ ಹಣ್ಣಿಗೆ ಒಳ್ಳೆಯ ಬೆಲೆ ಬರುವುದಾದರೂ ಹೇಗೆ?

ಚನ್ನಪಟ್ಟಣಕ್ಕೆ ಈ ಪಾಠ ಹೊಸದಲ್ಲ. ಆಲೆ ಮರವನ್ನು ಕಡೆದು ಅರಗಿನ ಬಣ್ಣ ಹಚ್ಚಿದ ಬೊಂಬೆಗೆ ಊರಿನ ಹೆಸರಿನಲ್ಲೇ ಜಿಐ ರಕ್ಷಣೆ ಸಿಕ್ಕಿದೆ. ನಾಸಿಕ್ ಕಣಿವೆಯ ವೈನಿಗೂ ಅದು ಲಭಿಸಿದೆ. ಕರ್ನಾಟಕದ ವೈನ್ ಬಾಟಲಿಯ ಮೇಲೂ ದ್ರಾಕ್ಷಿಯ ತಳಿ, ಬೆಳೆದ ಸೀಮೆ, ಕೊಯ್ದ ವರ್ಷ ಕಡ್ಡಾಯವಾಗಿ ಇರಲಿ; ದ್ರಾಕ್ಷಾರಸ ಮಂಡಳಿ ಈ ಕಟ್ಟುಪಾಡು ರೂಪಿಸಲಿ. ಕೊಳ್ಳುವವರೂ ಇದು ಎಲ್ಲಿಯ ದ್ರಾಕ್ಷಿ ಎಂದು ಅಂಗಡಿಯಲ್ಲಿ ಕೇಳಲಿ.