ಪಟ್ಟಿಯಲ್ಲಿ ಹೆಸರಿದೆ, ಫೈಲಿನಲ್ಲಿ ಕಾಗದವಿದೆಯೇ?

ಪರೀಕ್ಷೆ ಮುಗಿದಿದೆ. ಪಟ್ಟಿಯಲ್ಲಿ ಹೆಸರೂ ಬಂದಿದೆ. ಮನೆಯಲ್ಲಿ ಸಿಹಿ ಹಂಚಿದ್ದೂ ಆಗಿದೆ. ಮೂಲ ದಾಖಲೆಗಳ ಪರಿಶೀಲನೆಗೆಂದು ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಬಂದ ಯುವಕ ಅಧಿಕಾರಿಯ ಮೇಜಿನ ಮುಂದೆ ಫೈಲು ಬಿಚ್ಚುತ್ತಾನೆ. ಅವರು ಒಂದು ಪ್ರಮಾಣಪತ್ರವನ್ನು ಎತ್ತಿ ನೋಡಿ, 'ಇದನ್ನು ಅರ್ಜಿಯ ಕೊನೆಯ ದಿನ ಕಳೆದ ಮೇಲೆ ಮಾಡಿಸಿದ್ದೀರಲ್ಲ?' ಎನ್ನುತ್ತಾರೆ. ಹುಡುಗನಿಗೆ ಉತ್ತರ ಹೊಳೆಯುವುದಿಲ್ಲ. ಎರಡು ಮೂರು ವರ್ಷ ಹಗಲಿರುಳು ಓದಿ ಗಳಿಸಿದ ಅಂಕಗಳು ಒಂದು ತಾರೀಖಿನ ಎದುರು ನಿರುಪಯುಕ್ತವಾಗುತ್ತವೆ.

ಇದು ಯಾರೋ ಒಬ್ಬನ ಕಥೆಯಲ್ಲ, ಯಾರಿಗೂ ಆಗಬಹುದಾದ ನಷ್ಟ. ಕೆಲಸ ಹುಡುಕುವುದೆಂದರೆ ಓದುವುದು, ಅರ್ಜಿ ಹಾಕುವುದು, ಸಂದರ್ಶನಕ್ಕೆ ಹೋಗುವುದು ಎಂದಷ್ಟೇ ನಾವು ತಿಳಿದಿದ್ದೇವೆ. ಪ್ರಯೋಗಶಾಲೆಯಲ್ಲಿ ತಕ್ಕಡಿಯ ಮುಳ್ಳು ಸೊನ್ನೆಯಲ್ಲಿದೆಯೇ ಎಂದು ನೋಡದೆ ತೂಕ ಮಾಡಿದರೆ, ಮುಂದಿನ ಲೆಕ್ಕ ಎಷ್ಟೇ ಸರಿಯಿದ್ದರೂ ಉತ್ತರ ತಪ್ಪೇ. ದಾಖಲೆಗಳ ವಿಷಯವೂ ಹಾಗೆಯೇ. ಅವನ್ನು ಸರಿಪಡಿಸುವ ಕಾಲ ಕೆಲಸ ಸಿಕ್ಕ ಮೇಲಲ್ಲ, ಮಗ ಅಥವಾ ಮಗಳು ಹತ್ತನೆಯ ತರಗತಿಯಲ್ಲಿರುವಾಗ.

ಹೆಸರು ಒಂದೇ ಇರಲಿ

ನಮ್ಮಲ್ಲಿ ಹೆಸರು ಬರೆಯುವ ಕ್ರಮ ಊರಿಂದೂರಿಗೆ ಬೇರೆ. ಹಳೆಯ ಮೈಸೂರು ಕಡೆ ಊರು ಮತ್ತು ತಂದೆಯ ಹೆಸರಿನ ಮೊದಲಕ್ಷರಗಳು ಇನಿಷಿಯಲ್ ಆಗಿ ಬರುತ್ತವೆ. ಉತ್ತರ ಕರ್ನಾಟಕದಲ್ಲಿ ಹೆಸರಿನ ನಂತರ ತಂದೆಯ ಹೆಸರು, ಮನೆತನದ ಹೆಸರು ಪೂರ್ತಿಯಾಗಿ ಇರುತ್ತವೆ. ಅಂಕಪಟ್ಟಿಯಲ್ಲಿ ಇನಿಷಿಯಲ್ ಹೆಸರಿನ ಹಿಂದೆ, ಆಧಾರ್‌ನಲ್ಲಿ ಮುಂದೆ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಇನಿಷಿಯಲ್ಲೇ ಇಲ್ಲ. ಕನ್ನಡದಲ್ಲಿ 'ಮಂಜುನಾಥ' ಎಂದೇ ಇದ್ದರೂ ಇಂಗ್ಲಿಷಿನಲ್ಲಿ ಒಂದು ಕಡೆ ಕೊನೆಗೆ 'ಎ' ಅಕ್ಷರವಿದೆ, ಇನ್ನೊಂದು ಕಡೆ ಇಲ್ಲ. ಮನೆಯವರಿಗೆ ಎಲ್ಲವೂ ಒಬ್ಬನೇ ಮಂಜುನಾಥ. ಕಂಪ್ಯೂಟರಿಗೆ ಅವರು ಇಬ್ಬರು.

ಆದ್ದರಿಂದ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನೇ ಆಧಾರವಾಗಿಟ್ಟುಕೊಂಡು ಉಳಿದ ದಾಖಲೆಗಳನ್ನು ಅದಕ್ಕೆ ಹೊಂದಿಸುವುದು ಒಳಿತು. ಪರೀಕ್ಷೆಗೆ ಮುನ್ನ ಶಾಲೆಯಿಂದ ವಿದ್ಯಾರ್ಥಿಗಳ ವಿವರ ಮಂಡಳಿಗೆ ಹೋಗುತ್ತದೆ. ಆಗ ತಂದೆತಾಯಿ ಶಾಲೆಗೆ ಹೋಗಿ ತಮ್ಮ ಹೆಸರು, ಮಗುವಿನ ಹೆಸರು, ಹುಟ್ಟಿದ ದಿನಾಂಕ ಮೂರನ್ನೂ ಅಕ್ಷರ ಅಕ್ಷರ ಓದಿ ನೋಡಬೇಕು. ಆ ಹೊತ್ತಿನಲ್ಲಿ ತಿದ್ದುಪಡಿ ಸುಲಭ. ಅಂಕಪಟ್ಟಿ ಅಚ್ಚಾದ ಮೇಲೆ ಅದೇ ಕೆಲಸಕ್ಕೆ ತಿಂಗಳುಗಟ್ಟಲೆ ಅಲೆದಾಟ.

ಹುಟ್ಟಿದ ದಿನಾಂಕದ ವಿಷಯದಲ್ಲಂತೂ ಹೆಚ್ಚು ಎಚ್ಚರ ಬೇಕು. ಶಾಲೆಗೆ ಸೇರಿಸುವಾಗ ಅಂದಾಜಿನಲ್ಲಿ ಬರೆಸಿದ ತಾರೀಖೇ ಮುಂದೆ ವಯೋಮಿತಿಯನ್ನೂ ನಿವೃತ್ತಿಯನ್ನೂ ನಿರ್ಧರಿಸುತ್ತದೆ. ರಾಜ್ಯ ಸರ್ಕಾರಿ ನೌಕರರ ವಯಸ್ಸಿನ ಬಗೆಗಿನ 1974ರ ಕಾಯ್ದೆಯಂತೆ, ಸೇವಾ ದಾಖಲೆಯಲ್ಲಿ ಸೇರಿದ ವಯಸ್ಸನ್ನು ಬದಲಿಸಲು ಅರ್ಜಿ ಹಾಕಿಕೊಳ್ಳುವ ಅವಧಿ 3 ವರ್ಷ ಮಾತ್ರ.

ತಾರೀಖಿನ ಲೆಕ್ಕ

ರಾಜ್ಯ ಸರ್ಕಾರದ ನೇಮಕಾತಿ ಅಧಿಸೂಚನೆಗಳಲ್ಲಿ ಒಂದು ವಾಕ್ಯ ಸಾಮಾನ್ಯವಾಗಿ ಇರುತ್ತದೆ: ಮೀಸಲಾತಿ ಪ್ರಮಾಣಪತ್ರಗಳನ್ನು ಅರ್ಜಿ ಸಲ್ಲಿಸುವ ಕೊನೆಯ ದಿನಾಂಕದೊಳಗೆ ಪಡೆದಿರಬೇಕು. ವಿದ್ಯಾರ್ಹತೆಗೂ ಇದೇ ನಿಯಮ. ಅಂತಿಮ ವರ್ಷದ ಫಲಿತಾಂಶ ಕೊನೆಯ ದಿನದ ಮರುದಿನ ಬಂದರೂ ಆ ಹುದ್ದೆಗೆ ಅರ್ಹತೆ ಇಲ್ಲ.

ಪ್ರವರ್ಗ 2ಎ, 2ಬಿ, 3ಎ, 3ಬಿಗೆ ತಹಸೀಲ್ದಾರರಿಂದ ಸಿಗುವ ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ 5 ವರ್ಷದ ಅವಧಿಯಿದೆ. ಕಾಲೇಜು ಪ್ರವೇಶಕ್ಕೆಂದು ಮಾಡಿಸಿದ್ದು ಕೆಲಸಕ್ಕೆ ಅರ್ಜಿ ಹಾಕುವ ಹೊತ್ತಿಗೆ ಅವಧಿ ಮೀರಿರಬಹುದು. ಇನ್ನೊಂದು ವಿಷಯ: ಕೇಂದ್ರ ಸರ್ಕಾರದ ಹಿಂದುಳಿದ ವರ್ಗಗಳ ಪಟ್ಟಿ ಬೇರೆ, ರಾಜ್ಯದ ಪಟ್ಟಿ ಬೇರೆ; ಪ್ರಮಾಣಪತ್ರದ ನಮೂನೆಯೂ ಬೇರೆ. ರೈಲ್ವೆಗೋ ಬ್ಯಾಂಕಿಗೋ ಅರ್ಜಿ ಹಾಕುವವರು ರಾಜ್ಯದ ನಮೂನೆಯ ಪತ್ರವನ್ನು ನೆಚ್ಚಿ ಕೂರಬಾರದು.

ಶಾಲೆಯಿಂದ ತರಬೇಕಾದ ಪತ್ರಗಳು

ಹಳ್ಳಿಯ ಮಕ್ಕಳು ಎಷ್ಟೋ ಬಾರಿ ತಮಗಿರುವ ಅನುಕೂಲವನ್ನೇ ಅರಿಯದೆ ಕಳೆದುಕೊಳ್ಳುತ್ತಾರೆ. ರಾಜ್ಯದ ನೇರ ನೇಮಕಾತಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ. 25, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲಾತಿಯಿದೆ. ಎರಡಕ್ಕೂ 1ರಿಂದ 10ನೇ ತರಗತಿಯವರೆಗಿನ ಓದೇ ಆಧಾರ. ಗ್ರಾಮೀಣ ಪ್ರಮಾಣಪತ್ರಕ್ಕೆ ಮುಖ್ಯೋಪಾಧ್ಯಾಯರ ಸಹಿಯ ಜೊತೆಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿಯೂ ಬೇಕು. ಊರಿನ ಪ್ರಾಥಮಿಕ ಶಾಲೆ, ಹೋಬಳಿಯ ಪ್ರೌಢಶಾಲೆ ಎಂದು ಎರಡು ಮೂರು ಕಡೆ ಓದಿದವರು ಅಷ್ಟೂ ಶಾಲೆಗಳ ಬಾಗಿಲಿಗೆ ಹೋಗಬೇಕಾಗುತ್ತದೆ. ಅಧಿಸೂಚನೆ ಬಂದ ಮೇಲೆ ಹೊರಟರೆ ಒಂದು ಕಡೆ ಬೇಸಿಗೆ ರಜೆ, ಇನ್ನೊಂದು ಕಡೆ ಸಾಹೇಬರು ಮೀಟಿಂಗಿಗೆ. ಎಸ್ಸೆಸ್ಸೆಲ್ಸಿ ಮುಗಿದ ಬಳಿಕ ಬಿಡುವಿರುವಾಗಲೇ ನಿಗದಿತ ನಮೂನೆಯಲ್ಲಿ ಪಡೆದಿಟ್ಟುಕೊಂಡರೆ ಈ ಪರದಾಟ ತಪ್ಪುತ್ತದೆ.

ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಗಳವರಿಗೆ ಸಂವಿಧಾನದ 371(ಜೆ) ವಿಧಿಯ ಸೌಲಭ್ಯವಿದೆ. ಅದಕ್ಕೆ ಬೇಕಾದ ಅರ್ಹತಾ ಪ್ರಮಾಣಪತ್ರವನ್ನು ಉಪವಿಭಾಗಾಧಿಕಾರಿಗಳ ಕಚೇರಿಯಿಂದ ಪಡೆಯಬೇಕು.

ಅರ್ಜಿ ತುಂಬುವಾಗ

ಈಗ ಹೆಚ್ಚಿನ ಅರ್ಜಿಗಳೆಲ್ಲ ಆನ್‌ಲೈನ್. ಸೈಬರ್ ಸೆಂಟರಿನ ಹುಡುಗ ಅವಸರದಲ್ಲಿ ತನ್ನದೇ ಇಮೇಲ್ ವಿಳಾಸ, ತನ್ನದೇ ಫೋನ್ ನಂಬರ್ ಹಾಕಿ ಅರ್ಜಿ ಕಳಿಸಿಬಿಡುವುದುಂಟು. ಪರೀಕ್ಷೆಯ ಸಂದೇಶ ಅವನ ಫೋನಿಗೆ ಹೋಗುತ್ತದೆ. ಅಭ್ಯರ್ಥಿ ಮನೆಯಲ್ಲಿ ಕಾಯುತ್ತಿರುತ್ತಾನೆ. ಪ್ರತಿಯೊಬ್ಬ ವಿದ್ಯಾರ್ಥಿಗೂ ಸ್ವಂತ ಇಮೇಲ್ ಇರಲಿ. ಫೋನ್ ನಂಬರನ್ನು ಪದೇ ಪದೇ ಬದಲಿಸುವುದು ಬೇಡ.

ಅಧಿಸೂಚನೆಯನ್ನು ಇನ್ನೊಬ್ಬರ ಬಾಯಿಂದ ಕೇಳದೆ ಪೂರ್ತಿಯಾಗಿ ತಾವೇ ಓದಬೇಕು. ಕೊನೆಯ ದಿನ, ವಯೋಮಿತಿ, ಬೇಕಾದ ಪ್ರಮಾಣಪತ್ರಗಳು ಎಂಬ ಮೂರನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬೇಕು. ಶುಲ್ಕ ಕಟ್ಟುವ ಮುನ್ನ ಪರದೆಯ ಮೇಲಿನ ವಿವರವನ್ನು ಅಂಕಪಟ್ಟಿಯೊಂದಿಗೆ ಹೋಲಿಸಿ ನೋಡಬೇಕು. ಅರ್ಜಿಯ ಪ್ರತಿ, ಶುಲ್ಕದ ರಸೀದಿ ಎರಡನ್ನೂ ಜೋಪಾನ ಮಾಡಬೇಕು.

ಮೂಲ ಪ್ರತಿ ಕೈಬಿಡಬೇಡಿ

ಮೂಲ ದಾಖಲೆಗಳನ್ನು ತೋರಿಸಬೇಕೇ ಹೊರತು, ರಸೀದಿಯಿಲ್ಲದೆ ಯಾರಲ್ಲೂ ಬಿಟ್ಟು ಬರಬಾರದು. 'ಅಂಕಪಟ್ಟಿ ನಮ್ಮಲ್ಲಿರಲಿ, ಕೆಲಸ ಕೊಡುತ್ತೇವೆ' ಎನ್ನುವವರಿಂದ ದೂರವಿರುವುದೇ ಲೇಸು. ನಾಲ್ಕೈದು ಸೆಟ್ ಜೆರಾಕ್ಸ್, ಒಂದೇ ಬಗೆಯ ಹತ್ತು ಭಾವಚಿತ್ರ ಸದಾ ಸಿದ್ಧವಿರಲಿ. ಪ್ರವಾಹ, ಬೆಂಕಿ, ಗೆದ್ದಲು ಯಾವುದೂ ಹೇಳಿ ಬರುವುದಿಲ್ಲ. 2015ರಲ್ಲಿ ಆರಂಭವಾದ ಸರ್ಕಾರದ ಡಿಜಿಲಾಕರ್‌ನಲ್ಲೂ ದಾಖಲೆಗಳನ್ನು ಸೇರಿಸಿಟ್ಟರೆ ಕಷ್ಟಕಾಲಕ್ಕೆ ನೆರವಾಗುತ್ತದೆ.

ಹಣ ಕೇಳುವವರ ಮಾತಿಗೆ ಮರುಳಾಗುವುದೂ ಇದೇ ಹಂತದಲ್ಲಿ. 'ನಿಮ್ಮ ಮಗನ ದಾಖಲೆಯಲ್ಲಿ ಸಣ್ಣ ತೊಂದರೆಯಿದೆ, ನಾನು ಸರಿಮಾಡಿಸುತ್ತೇನೆ' ಎಂದು ದಲ್ಲಾಳಿ ಮನೆಗೇ ಬರುತ್ತಾನೆ. ದಾಖಲೆ ಸರಿಯಿದ್ದವನಿಗೆ ಈ ಹೆದರಿಕೆಯಿಲ್ಲ. ಕೇಂದ್ರ ಸರ್ಕಾರವು ಗ್ರೂಪ್ 'ಸಿ' ಹುದ್ದೆಗಳಿಗೆ ಸಂದರ್ಶನವನ್ನು 2016ರ ಜನವರಿ 1ರಿಂದಲೇ ಕೈಬಿಟ್ಟಿದೆ ಎಂಬುದು ಗೊತ್ತಿದ್ದರೆ, ಅಂಥ ಹುದ್ದೆಗೆ 'ಸಂದರ್ಶನದಲ್ಲಿ ಪಾಸು ಮಾಡಿಸುತ್ತೇನೆ' ಎಂದು ಲಕ್ಷಗಟ್ಟಲೆ ಕೇಳುವವನ ಬಣ್ಣ ಅಲ್ಲೇ ಬಯಲಾಗುತ್ತದೆ. ಹೊಲ ಅಡವಿಟ್ಟು, ತಾಯಿಯ ಓಲೆ ಮಾರಿ ಕೊಟ್ಟ ಹಣ ವಾಪಸ್ ಬರುವುದು ಅಪರೂಪ. ಸಾಲ ಮಾತ್ರ ಮನೆಯಲ್ಲಿ ಉಳಿಯುತ್ತದೆ.

ಖಾಸಗಿ ಕೆಲಸ ಸಿಕ್ಕರೂ ಈ ಶ್ರಮ ವ್ಯರ್ಥವಲ್ಲ. ಸಂಬಳದ ಖಾತೆ, ಭವಿಷ್ಯನಿಧಿ, ಪಾಸ್‌ಪೋರ್ಟ್ ಎಲ್ಲಕ್ಕೂ ಅದೇ ಹೆಸರು, ಅದೇ ದಿನಾಂಕ ಬೇಕು. ಹೆಸರಿನ ಒಂದಕ್ಷರ ಹೊಂದದೆ ಭವಿಷ್ಯನಿಧಿಯ ಸ್ವಂತ ಹಣಕ್ಕೇ ಕಾಯುವವರು ಕಡಿಮೆಯೇನಿಲ್ಲ.

ಅಕ್ಷರ ಬಾರದ ತಂದೆತಾಯಿಯೂ ಈ ಕೆಲಸದಲ್ಲಿ ಮಕ್ಕಳಿಗೆ ನೆರವಾಗಬಹುದು. ಒಂದು ಗಟ್ಟಿ ಫೈಲು ಕೊಂಡು ಅದನ್ನು ಮನೆಪತ್ರ, ಪಹಣಿಗಳ ಜೊತೆ ಪೆಟ್ಟಿಗೆಯಲ್ಲಿ ಭದ್ರವಾಗಿಟ್ಟರೂ ಸಾಕು, ಅದು ದೊಡ್ಡ ಉಪಕಾರ. ಈ ಭಾನುವಾರ ಒಂದು ಗಂಟೆ ಬಿಡುವು ಮಾಡಿಕೊಂಡು ಮನೆಮಂದಿ ಕೂತು ದಾಖಲೆಗಳನ್ನೆಲ್ಲ ನೆಲದ ಮೇಲೆ ಹರಡಿ, ಒಂದರ ಪಕ್ಕ ಒಂದಿಟ್ಟು ಓದಲಿ. ತಪ್ಪು ಕಂಡರೆ ಸೋಮವಾರವೇ ಶಾಲೆಗೋ ನಾಡಕಚೇರಿಗೋ ಹೋಗಲಿ. ಆಯ್ಕೆ ಪಟ್ಟಿಯಲ್ಲಿ ಹೆಸರು ಬಂದ ದಿನ ಆ ಮನೆಯವರು ಸಿಹಿ ಹಂಚಲು ಅಂಜಬೇಕಾಗಿಲ್ಲ.